ರಸ್ತೆಗಿಳಿಯಬಾರದ ಶೂ

ಸ್ವೇಡ್ ಅಡಿಯ ಡ್ಯಾನ್ಸ್ ಶೂ ಹಾಕಿಕೊಂಡು ರಸ್ತೆಗಿಳಿದವರನ್ನು ಕಂಡರೆ ಸರಳಾಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಡ್ಯಾನ್ಸ್ ಟೀಚರೇ ಆಗಿರಲಿ, ಯಾವ ದೊಡ್ಡ ಆಫೀಸರನ ಹೆಂಡತಿಯೇ ಆಗಿರಲಿ, ತಂದ ಶೂವನ್ನು ಅವಳು ಮೊದಲು ಬೋರಲು ಹಾಕುವಳು. ಅಡಿಯಲ್ಲಿ ಒಂದೇ ಒಂದು ಮರಳಿನ ಕಾಳು ಕಂಡರೂ ಮುಗಿಯಿತು, ಬಾಯಿ ಶುರು.

"ಇದು ಹವಾಯಿ ಚಪ್ಪಲಿ ಅಲ್ಲ ಕಣ್ರೀ. ಚರ್ಮದ ಒಳಮೈ ಇದು. ಮುಟ್ಟಿ ನೋಡಿ, ಎಳೆಗರು ಮೂತಿ ಥರ ಸಣ್ಣ ಕೂದಲಿದೆ. ಆ ಕೂದಲು ನೆಲಾನ ಹಿಡಿದು ಹಿಡಿದು ಬಿಡೋದ್ರಿಂದಲೇ ನೀವು ಬೀಳದೆ ಗಿರಗಿರ ತಿರುಗೋದು. ಒಂದು ಸಲ ರಸ್ತೆಗಿಳಿದ್ರೆ ಸತ್ತೇಹೋಯ್ತು. ಮರದ ನೆಲ ಬಿಟ್ಟು ಬೇರೆ ಕಡೆ ಕಾಲಿಡೋ ಹಾಗಿದ್ರೆ ನನ್ನ ಹತ್ರ ಬರಲೇಬೇಡಿ!"

ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು. ಬರದೆ ಏನು ಮಾಡುತ್ತಾರೆ? ಸವೆದ ಅಡಿಯನ್ನು ಕಿತ್ತು, ಎರಡು ಸಲ ಅಂಟು ಬಳಿದು, ಹೊಸ ಸ್ವೇಡ್ ಕೂರಿಸಿ, ಸುತ್ತಿಗೆಯಲ್ಲಿ ಹದವಾಗಿ ಬಡಿದು, ಆಮೇಲೆ ತಂತಿಯ ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಉಜ್ಜಿ ಕೂದಲೆಬ್ಬಿಸುವ ಕೈ ಇಡೀ ದಿಲ್ಲಿಯಲ್ಲಿ ಎಷ್ಟಿವೆ? ಎಣ್ಣೆ ಕಲೆಗೆ ಸೀಮೆಸುಣ್ಣದ ಪುಡಿ, ಬೆವರಿಗೆ ಹಳೇ ಪೇಪರಿನ ಉಂಡೆ, ಚಪ್ಪಟೆಯಾದ ಕೂದಲಿಗೆ ಕೆಟಲ್ ಹಬೆ. ವಸಂತ್ ಕುಂಜ್‌ನ ನೆಲಮಹಡಿ ಫ್ಲಾಟಿನ ಮುಂದಿನ ಕೋಣೆಯಲ್ಲಿ ಕೂತು ಐವತ್ತೊಂಬತ್ತರ ಸರಳಾ ಇದನ್ನೆಲ್ಲ ಒಬ್ಬಳೇ ಮಾಡುತ್ತಿದ್ದಳು.

ಅವಳ ಗಂಡ ಅಶ್ವತ್ಥನಾರಾಯಣ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವನು. ಸತ್ತು ಒಂಬತ್ತು ವರ್ಷವಾಗಿತ್ತು. ಸತ್ತವರನ್ನು ಪುಣ್ಯಾತ್ಮ ಎನ್ನುವುದು ವಾಡಿಕೆ, ಸರಳಾಗೆ ಮಾತ್ರ ಆ ಮಾತು ನಾಲಿಗೆಗೆ ಬರುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಹೊಡೆದಿದ್ದ ಆ ಮನುಷ್ಯ. ಹೊಡೆಯುವ ಮುಂಚೆ ಎದ್ದು ಹೋಗಿ ರೇಡಿಯೊ ಜೋರು ಮಾಡುವನು, ಬೆಲ್ಟ್ ಬಿಚ್ಚುವನು, ವಾರ್ತೆ ಮುಗಿಯುವ ಹೊತ್ತಿಗೆ ತಾನೂ ಮುಗಿಸುವನು. ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕದ ಮನೆಯವರಿಗೆ ವಾರ್ತೆ ಕೇಳುತ್ತಿತ್ತು, ಇವಳ ಕೂಗು ಕೇಳುತ್ತಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಅವಳು ಬಾಗಿಲಿನ ಚಿಲಕದವರೆಗೆ ಹೋಗಿದ್ದಳು. ಅಲ್ಲಿಂದ ಜಡೆ ಹಿಡಿದು ವಾಪಸ್ ಎಳೆದುಕೊಂಡು ಬಂದಿದ್ದ. ಡಿಸ್ಪೆನ್ಸರಿ ಡಾಕ್ಟರಮ್ಮ ಪಕ್ಕೆಲುಬು ಹೇಗೆ ಮುರಿಯಿತೆಂದು ಕೇಳಿದಾಗ, "ಬಾತ್‌ರೂಮಲ್ಲಿ ಜಾರಿದೆ" ಎಂದಿದ್ದಳು ಸರಳಾ. ಆಮೇಲೆ ಚಿಲಕದ ಕಡೆ ನೋಡಲಿಲ್ಲ.

ಅವನು ಹೋದ ಮೇಲೆ ಹೌಜ್ ಖಾಸ್‌ನ ಒಂದು ಸಾಲ್ಸಾ ಡ್ಯಾನ್ಸ್ ಸ್ಟುಡಿಯೊಗೆ ಬಟ್ಟೆ ಹೊಲಿದುಕೊಡಲು ಹೋದವಳು ಅಲ್ಲಿ ಶೂಗಳ ಅಡಿ ಕಿತ್ತುಬರುವುದನ್ನು ಕಂಡಳು. ಮೆಟ್ರೊ ಸ್ಟೇಷನ್ ಪಕ್ಕದಲ್ಲಿ ಕೂರುವ ಕಿಶನ್ ಎಂಬ ಮೋಚಿಯ ಮುಂದೆ ಮೂರು ತಿಂಗಳು ಕೂತು ಕೆಲಸ ಕಲಿತಳು. ಚರ್ಮಕ್ಕೆ ಕರೋಲ್ ಬಾಗ್‌ಗೆ ತಾನೇ ಹೋಗುವಳು. ಕನ್ನಡದವರ ಯುಗಾದಿ ಊಟದಲ್ಲಿ ಒಬ್ಬಾಕೆ, "ಚರ್ಮ ಮುಟ್ಟೋ ಕೈಲಿ ಕೋಸಂಬರಿ ಬಡಿಸ್ತಾಳಲ್ಲ" ಎಂದು ಪಿಸುಗುಟ್ಟಿದ್ದಕ್ಕೆ, ಪಾತ್ರೆಯಲ್ಲಿದ್ದ ಅಷ್ಟೂ ಕೋಸಂಬರಿಯನ್ನು ಆಕೆಯ ಎಲೆಗೇ ಸುರಿದು ಎದ್ದುಬಂದಿದ್ದಳು. ಅಂಥ ಹೆಂಗಸು. ಮೇಲಿನ ಮನೆಯ ದಕ್ಷಿಣಾಮೂರ್ತಿ, ಮೈಸೂರು ಕಡೆಯ ನಿವೃತ್ತ ಅಕೌಂಟೆಂಟು, ಅವರೊಬ್ಬರಿಗೆ ಮಾತ್ರ ಅವಳು ಸೋತಿದ್ದಳು. ಎರಡರಿಂದ ನಾಲ್ಕರವರೆಗೆ ಅವರ ನಿದ್ದೆ. ಆ ಹೊತ್ತಿನಲ್ಲಿ ಕೆಳಗೆ ಒಂದು ಸುತ್ತಿಗೆ ಪೆಟ್ಟು ಬಿದ್ದರೂ ಊರುಗೋಲು ಹಿಡಿದು ಮೆಟ್ಟಿಲಿಳಿದು ಜಗಳಕ್ಕೆ ಬರುತ್ತಿದ್ದರು.

ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಅನೂಪ್ ಬಂದ. ಆ ಸ್ಟುಡಿಯೊದ ದೊಡ್ಡ ಟೀಚರ್ ಅವನು. ಅಪ್ಪ ಅಮ್ಮ ಕನ್ನಡದವರು, ಇವನು ಹುಟ್ಟಿ ಬೆಳೆದದ್ದು ಇಲ್ಲೇ. ಆರಡಿ ಎತ್ತರ, ಬಾಯಿ ತೆಗೆದರೆ ಆಂಟಿ ಆಂಟಿ. ಒಂದು ಚೀಲದಲ್ಲಿ ನಾಲ್ಕು ಜೊತೆ ಶೂ ತಂದಿದ್ದ.

"ಆಂಟಿ, ಭಾನುವಾರ ದುಬೈ ಫ್ಲೈಟ್. ನಾನು, ನಿಹಾರಿಕಾ. ಹೋಟೆಲ್‌ನಲ್ಲಿ ಆರು ತಿಂಗಳು ಶೋ. ನಾಳೆ ತನಕ ಎಲ್ಲಾ ಬ್ರಷ್ ಮಾಡಿ ಕೊಟ್ಟುಬಿಡಿ, ಪ್ಲೀಸ್." ಆಮೇಲೆ ಒಂದು ಜೊತೆಯನ್ನು ಬೇರೆ ತೆಗೆದು ಬೆಂಚಿನ ಮೇಲಿಟ್ಟ. "ಇದು ಅವಳದು. ಸತ್ಯಾನಾಶ್ ಮಾಡಿಟ್ಟಿದ್ದಾಳೆ ನೋಡಿ. ಹೇಳಿ ಹೇಳಿ ಸಾಕಾಯ್ತು ನಂಗೆ. ಸೋಲ್ ಬದಲಾಯಿಸಿಬಿಡಿ, ಹಳೇದು ಬಿಸಾಡಿಬಿಡಿ."

ಸರಳಾ ಬೋರಲು ಹಾಕಿ ನೋಡಿದಳು. ಅಡಿಯಲ್ಲಿ ಕರ್ರಗೆ ಡಾಂಬರು.

"ಮತ್ತೆ ಅದೇ ಹುಡುಗಿ!" ಎಂದು ಅವಳಿಗೆ ರೇಗಿಹೋಯಿತು. "ಜನವರೀಲಿ ಅಷ್ಟು ಉಗಿದಿದ್ದೆ. ಮಾನ ಮರ್ಯಾದೆ ಇಲ್ವಾ ಅವಳಿಗೆ?"

"ಅದೇ ನಾನೂ ಕೇಳೋದು ಆಂಟಿ," ಎಂದು ಅನೂಪ್ ನಕ್ಕು ಕಾರಿನ ಕೀ ತಿರುಗಿಸುತ್ತ ಹೊರಟುಹೋದ.

ನಿಹಾರಿಕಾ ಚಿತ್ರದುರ್ಗದ ಹುಡುಗಿ. ಹತ್ತಿರದ ಯೂನಿವರ್ಸಿಟಿಯಲ್ಲಿ ಇತಿಹಾಸದ ಪಿಎಚ್‌ಡಿಗೆ ಬಂದು, ಸಂಜೆ ಹೊತ್ತು ಡ್ಯಾನ್ಸ್ ಕಲಿತು, ಅನೂಪನ ಜೋಡಿಯಾಗಿ, ಹೋದ ವರ್ಷದಿಂದ ಅವನ ಮನೆಯಲ್ಲೇ ಇದ್ದವಳು. ಜನವರಿಯ ಒಂದು ದಿನ ಇಬ್ಬರೂ ಬಂದಿದ್ದರು. ಅವಳ ಶೂವಿನ ಅಡಿ ಮಂಜಿನಲ್ಲಿ ನೆಂದು, ಕೆಸರು ಮೆತ್ತಿ, ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಸರಳಾ ಬಾಯಿಗೆ ಬಂದಹಾಗೆ ಬೈದಿದ್ದಳು. ಬುದ್ಧಿ ಇದೆಯಾ, ಅಪ್ಪ ಅಮ್ಮ ಇದೇ ಕಲಿಸಿದ್ದಾ, ಒಂದು ಶೂ ನೋಡ್ಕೊಳ್ಳೋಕೆ ಬರಲ್ಲ, ನಿಂಗ್ಯಾಕೆ ಡ್ಯಾನ್ಸು! ಅನೂಪ್ ಪಕ್ಕದಲ್ಲಿ ನಿಂತು, "ಇನ್ನೂ ಬೈಯಿರಿ ಆಂಟಿ, ನನ್ನ ಮಾತು ಕೇಳಲ್ಲ ಇವಳು" ಎಂದಿದ್ದ. ಹುಡುಗಿ ತಲೆ ತಗ್ಗಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, "ತಪ್ಪಾಯ್ತು ಆಂಟಿ, ಇನ್ಮೇಲೆ ರಸ್ತೆಗಿಳಿಯಲ್ಲ" ಎಂದಿದ್ದಳು.

ಈಗ ಅದನ್ನೆಲ್ಲ ನೆನೆದು ಗೊಣಗುತ್ತಲೇ ಸರಳಾ ತಂತಿ ಬ್ರಷ್ ಕೈಗೆತ್ತಿಕೊಂಡಳು. ಎಡಗಾಲಿನ ಶೂವಿಗೆ ಒಂದು ಸಲ ಎಳೆದಳು. ಡಾಂಬರು ಬ್ರಷ್‌ಗೆ ನೂಲಿನಂತೆ ಹತ್ತಿ ಬಂತು. ಅಲ್ಲಿಗೆ ಅವಳ ಕೈ ನಿಂತಿತು.

ಡಾಂಬರು ಹೀಗೆ ಮೆತ್ತಗಾಗುವುದು ದಿಲ್ಲಿಯ ಮೇ ಬಿಸಿಲಿನಲ್ಲಿ, ಅದೂ ನಡುಮಧ್ಯಾಹ್ನ. ಆ ಹೊತ್ತಿನಲ್ಲಿ ಬೀದಿನಾಯಿ ಕೂಡ ಕಾರಿನ ಅಡಿ ಬಿಟ್ಟು ಹೊರಗೆ ಬರುವುದಿಲ್ಲ. ಕೆಂಡದಂಥ ರಸ್ತೆಗೆ ಈ ಹುಡುಗಿ ಇದನ್ನು ಹಾಕಿಕೊಂಡು ಯಾಕೆ ಇಳಿದಳು? ಸರಳಾ ಕನ್ನಡಕ ಹಾಕಿಕೊಂಡು ಶೂವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಡಾಂಬರು ಇದ್ದದ್ದು ಅಡಿಯ ಮುಂಭಾಗದಲ್ಲಿ, ಬೆರಳುಗಳ ಬುಡಕ್ಕೆ. ಹಿಮ್ಮಡಿಯಲ್ಲಿ ಒಂದು ಚೂರೂ ಇಲ್ಲ. ನಡೆದುಹೋದವರ ಹಿಮ್ಮಡಿ ಊರುತ್ತದೆ, ಓಡಿದವರದು ಊರುವುದಿಲ್ಲ.

ಓಡಿದ್ದಾಳೆ.

ಬಲಗಾಲಿನದನ್ನು ತೆಗೆದುಕೊಂಡಳು. ಕಣಕಾಲಿನ ಪಟ್ಟಿಯ ಬಕಲನ್ನು ಯಾರೂ ಬಿಚ್ಚಿರಲಿಲ್ಲ, ಹೊಲಿಗೆ ಸಮೇತ ಕಿತ್ತುಬಂದಿತ್ತು. ಹಿಂದಿನಿಂದ ಯಾರೋ ಆ ಕಾಲನ್ನು ಹಿಡಿದು ಎಳೆದಿದ್ದರು. ಮತ್ತೆ ಎಡಗಾಲಿನದನ್ನು ನೋಡಿದಳು. ಅದರ ಮೂತಿ, ಮೇಲ್ಭಾಗ, ನೆಲಕ್ಕೆ ತಾಗಲೇಬಾರದ ಜಾಗ, ಪೂರ್ತಿ ಕೆರೆದುಹೋಗಿ ಒಳಗಿನ ಬಿಳಿ ಕಾಣುತ್ತಿತ್ತು. ಮಕಾಡೆ ಬಿದ್ದವಳನ್ನು ಒಂದು ಕಾಲು ಹಿಡಿದು ದರದರನೆ ಎಳೆದಿದ್ದಾರೆ, ಇನ್ನೊಂದು ಕಾಲು ರಸ್ತೆಯ ಮೇಲೆ ಉಜ್ಜಿಕೊಂಡು ಬಂದಿದೆ. ಒಳಗೆ ಬೆರಳಿಡುವ ಜಾಗದಲ್ಲಿ ರಕ್ತ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು.

ಹಾಗಾದರೆ ಜನವರಿಯದ್ದು? ಆ ಕೆಸರು? ಅವತ್ತೂ ಆ ಮಗು ಓಡಿತ್ತು. ಓಡಿಹೋಗಿ ಸಿಕ್ಕಿಬಿದ್ದ ಮಗುವನ್ನು ತಂದು ತನ್ನ ಮುಂದೆ ನಿಲ್ಲಿಸಿದರೆ ತಾನು ಶೂ ಹಾಳಾಯಿತೆಂದು ಬೈದಿದ್ದಳು. ಹೊಡೆದವನು ಪಕ್ಕದಲ್ಲೇ ನಿಂತು ಇನ್ನೂ ಬೈಯಿರಿ ಅಂದ, ತಾನು ಇನ್ನೂ ಬೈದಳು. ಇನ್ಮೇಲೆ ರಸ್ತೆಗಿಳಿಯಲ್ಲ ಎಂದು ಅದರ ಬಾಯಲ್ಲಿ ಹೇಳಿಸಿದವಳು ತಾನೇ. ಅಯ್ಯೋ ನನ್ನ ಮುಖಕ್ಕಿಷ್ಟು ಬೆಂಕಿ ಹಾಕ! ಸರಳಾ ತನ್ನ ಕೆನ್ನೆಗೆ ತಾನೇ ಪಟಪಟನೆ ಹೊಡೆದುಕೊಂಡಳು.

ಭಾನುವಾರ ವಿಮಾನ ಹತ್ತಿದರೆ ಮುಗಿಯಿತು. ಅಲ್ಲಿ ಆ ಹುಡುಗಿ ಓಡಿದರೂ ಯಾವ ಬೀದಿಗೆ ಓಡುತ್ತಾಳೆ?

ನಿಹಾರಿಕಾಳ ನಂಬರಿಗೆ ಫೋನ್ ಮಾಡಿದಳು. ಎತ್ತಿದವನು ಅನೂಪ್.

"ಮಲಗಿದ್ದಾಳೆ ಆಂಟಿ. ಏನು ಹೇಳಿ."

ಇಪ್ಪತ್ತಾರು ವರ್ಷ ಸುಳ್ಳು ಹೇಳಿ ಬದುಕಿದವಳಿಗೆ ಒಂದು ಸುಳ್ಳು ಕಷ್ಟವಾಗಲಿಲ್ಲ. "ಈ ಶೂ ಇನ್ನು ಏಳೋದಿಲ್ಲಪ್ಪ. ಒಳಗಿನ ಪಟ್ಟಿನೇ ಮುರಿದಿದೆ. ಅವಳ ಅಳತೆದು ಹೊಸದು ಒಂದು ಜೊತೆ ಇದೆ ನನ್ನ ಹತ್ರ. ಕರ್ಕೊಂಡು ಬಾ, ಕಾಲಿಗೆ ಹಾಕಿ ನೋಡದೆ ನಾನು ಕೊಡಲ್ಲ."

"ಅರೇ ಆಂಟಿ, ನಾನೇ ತಗೊಂಡು ಹೋಗ್ತೀನಿ."

"ಕಾಲು ನೋಡದೆ ಕೊಡಲ್ಲ ಅಂದ್ನಲ್ಲ. ಅಲ್ಲಿ ಸ್ಟೇಜ್ ಮೇಲೆ ಬಿದ್ರೆ ನನ್ನ ಹೆಸರು ಹೇಳ್ತೀರ. ಬೇಕಾದ್ರೆ ಬಾ, ಬೇಡದಿದ್ರೆ ಬಿಡು. ಮೂರು ಗಂಟೆಗೆ ಬಾ."

ಅವನು ಹಿಂದಿಯಲ್ಲಿ ಏನೋ ಗೊಣಗಿ, "ಅಚ್ಛಾ, ಐದು ನಿಮಿಷ ಅಷ್ಟೇ" ಎಂದ.

ಡಾಂಬರಿನ ಶೂಗಳನ್ನು ಸರಳಾ ಪೇಪರಿನಲ್ಲಿ ಸುತ್ತಿದಳು. ಆ ಮನೆಯಲ್ಲಿ ಬೀಗ ಹಾಕುವ ಜಾಗ ಇದ್ದದ್ದು ಒಂದೇ, ದೇವರ ಗೂಡು. ಬಾಲಕೃಷ್ಣನ ವಿಗ್ರಹವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಅವನ ಹಿಂದೆ ಆ ಚರ್ಮದ ಶೂಗಳನ್ನಿಟ್ಟು, "ನೋಡ್ಕೋ" ಎಂದು ಗದರಿಸಿ ಬೀಗ ಹಾಕಿದಳು. ಪೊಲೀಸರಿಗೆ ಈಗಲೇ ಹೇಳೋಣವೆ ಎಂದು ಯೋಚಿಸಿದಳು. ಅನೂಪ್ ಪಕ್ಕದಲ್ಲಿ ನಿಂತಿದ್ದರೆ ಆ ಹುಡುಗಿ ಏನು ಹೇಳುತ್ತಾಳೆಂಬುದು ಅವಳಿಗೆ ಗೊತ್ತಿತ್ತು. ಜಾರಿದೆ ಅನ್ನುತ್ತಾಳೆ. ಮೊದಲು ಅವನ ಕೈಗೆ ಸಿಗದಷ್ಟು ದೂರ ಹೋಗಬೇಕು, ಬಾಯಿ ಆಮೇಲೆ ತೆರೆಯುತ್ತದೆ.

ಮೂರಕ್ಕೆ ಸರಿಯಾಗಿ ಬಂದರು. ನಲವತ್ನಾಲ್ಕು ಡಿಗ್ರಿ ಬಿಸಿಲಲ್ಲಿ ನಿಹಾರಿಕಾ ಕುತ್ತಿಗೆಯವರೆಗೆ ಗುಂಡಿ ಹಾಕಿದ ಉದ್ದ ತೋಳಿನ ಅಂಗಿ ತೊಟ್ಟಿದ್ದಳು. ಮುಖಕ್ಕೆ ದಪ್ಪನೆ ಪೌಡರು. ಮೇಲ್ದುಟಿಯ ಒಂದು ತುದಿ ಊದಿತ್ತು.

"ಕೂತ್ಕೊಳ್ಳಮ್ಮ," ಎಂದು ಸರಳಾ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ತಾನು ನೆಲಕ್ಕೆ ಕೂತು ಅವಳ ಪಾದವನ್ನು ಮಡಿಲಿಗೆ ತೆಗೆದುಕೊಂಡಳು. ಮಂಡಿಯಿಂದ ಬೆರಳಿನವರೆಗೆ ತರಚಿ ಹೆಪ್ಪುಗಟ್ಟಿತ್ತು. ಬಲ ಕಣಕಾಲಿನ ಸುತ್ತ ನಾಲ್ಕು ಬೆರಳು ಒಂದು ಹೆಬ್ಬೆರಳಿನ ಗುರುತು, ನೇರಳೆಬಣ್ಣಕ್ಕೆ ತಿರುಗಿ ಎದ್ದು ಕಾಣುತ್ತಿತ್ತು. ಸರಳಾ ಹೊಸ ಶೂಗಳನ್ನು ತೊಡಿಸಿದಳು. ನೋಯದ ಹಾಗೆ, ಆದರೆ ಭದ್ರವಾಗಿ, ಎರಡೂ ಬಕಲ್‌ಗಳನ್ನು ಎರಡನೇ ತೂತಿಗೆ ಬಿಗಿದಳು.

"ಬಿಗಿಯಾಯ್ತಾ?"

"ಇಲ್ಲ ಆಂಟಿ."

"ಓಡೋಕೆ ಬರುತ್ತಾ?"

ಹುಡುಗಿ ಗಾಬರಿಯಿಂದ ತಲೆಯೆತ್ತಿದಳು. ಬಾಗಿಲಿಗೆ ಒರಗಿ ಫೋನ್ ನೋಡುತ್ತಿದ್ದ ಅನೂಪನೂ ತಲೆಯೆತ್ತಿದ. ಅವನಿಗೆ ಕನ್ನಡ ಮಾತಾಡಲು ಅಷ್ಟಾಗಿ ಬಾರದಿದ್ದರೂ ಪ್ರತಿ ಮಾತೂ ಅರ್ಥವಾಗುತ್ತಿತ್ತು. ಸರಳಾಗೆ ಅದು ಚೆನ್ನಾಗಿ ಗೊತ್ತಿತ್ತು, ಗುಟ್ಟು ಮಾಡುವ ಮನಸ್ಸೂ ಇರಲಿಲ್ಲ.

"ನಿನ್ನ ಕಾಲು ಹಿಡಿದು ರಸ್ತೇಲಿ ಎಳೆದೋನು ಇವನೇ ತಾನೆ?"

"ಬಿದ್ದೆ ಆಂಟಿ… ಮೆಟ್ಟಿಲ ಮೇಲೆ…"

"ಯಾವ ಮೆಟ್ಟಿಲಿಗೆ ಐದು ಬೆರಳಿರುತ್ತೆ? ನಂಗೆ ಹೇಳ್ಬೇಡ. ಈ ಸುಳ್ಳು ನಿಂಗಿಂತ ಮುಂಚೆ ನಾನು ಹೇಳಿದೀನಿ. ನಿನ್ನ ಶೂ ಅಡಿ ನೋಡ್ದೆ. ಎಲ್ಲಾ ಗೊತ್ತಾಯ್ತು."

ಅನೂಪ್ ಫೋನನ್ನು ಜೇಬಿಗಿಟ್ಟ. ನಗುತ್ತಲೇ ಇದ್ದ. "ಆಂಟಿ, ನೀವು ಶೂ ಕೆಲಸ ಮಾಡೋರು, ಶೂ ಕೆಲಸ ಮಾಡಿ. ಇದು ನಮ್ಮ ಮನೆ ವಿಷಯ, ಘರ್ ಕಾ ಮಾಮ್ಲಾ. ಚಲೋ ನಿಹಾ, ಉಠೋ." ಹಾಗೆನ್ನುತ್ತ ಬಂದು ಅವಳ ತೋಳಿಗೆ ಕೈ ಹಾಕಿದ. ಅವನ ಬೆರಳು ಒತ್ತಿದಾಗ ಹುಡುಗಿ ಕಿರುಚಲಿಲ್ಲ, ಹಲ್ಲು ಕಚ್ಚಿದಳು. ಕಿರುಚದೆ ಹಲ್ಲು ಕಚ್ಚುವುದನ್ನು ಕಲಿಯಲು ಎಷ್ಟು ಪೆಟ್ಟು ಬೇಕೆಂದು ಸರಳಾಗೆ ಗೊತ್ತಿತ್ತು. ಅವಳು ಎದ್ದು ಇಬ್ಬರ ನಡುವೆ ನಿಂತಳು.

"ಕೈ ತೆಗಿ."

"ಆಂಟಿ, ಹಟೋ."

"ಕೈ ತೆಗಿಯೋ ಹಲ್ಕಟ್!"

ಅವನು ಹೊಡೆದ. ಹಿಂಗೈಯಿಂದ, ಅಷ್ಟೇನೂ ಶ್ರಮವಿಲ್ಲದೆ, ನೊಣ ಓಡಿಸಿದ ಹಾಗೆ. ಸರಳಾ ಬೆಂಚಿನ ಮೇಲೆ ಹೋಗಿ ಬಿದ್ದಳು. ಅಂಟಿನ ಡಬ್ಬಿ ಉರುಳಿ ನೆಲವೆಲ್ಲ ಹಳದಿಯಾಯಿತು. ಬಾಯಲ್ಲಿ ಉಪ್ಪುಪ್ಪು ರಕ್ತ ತುಂಬಿತು. ಒಂಬತ್ತು ವರ್ಷದಿಂದ ಆ ರುಚಿ ಮರೆತಿತ್ತು. ಈ ಮನೆಗೆ ಬಂದ ಮೇಲೆ ಯಾವನೂ ಅವಳ ಮೈಮುಟ್ಟಿರಲಿಲ್ಲ, ಈಗ ಇವನು ಅವಳದೇ ಬೆಂಚಿನ ಮುಂದೆ ನಿಂತು ಹೊಡೆದಿದ್ದ. ಅವಳ ಕೈಗೆ ಮೊದಲು ಸಿಕ್ಕಿದ್ದು ತಂತಿ ಬ್ರಷ್. ಅದನ್ನು ಹಿಡಿದು ಎದ್ದವಳೇ ಅವನ ಮುಖದ ಮೇಲೆ, ಕಿವಿಯಿಂದ ಗಲ್ಲದವರೆಗೆ, ಶೂ ಅಡಿಯನ್ನು ಎಳೆಯುವ ಹಾಗೆ ಒಂದೇ ದಿಕ್ಕಿಗೆ, ಇದ್ದ ಬಲವನ್ನೆಲ್ಲ ಹಾಕಿ ಎಳೆದಳು.

ಅನೂಪ್ ಕೂಗಿಕೊಂಡ. ಕೆನ್ನೆಯ ಮೇಲೆ ಗೆರೆಗೆರೆಯಾಗಿ ರಕ್ತ ಜಿನುಗಿತು. ನಿಹಾರಿಕಾಳನ್ನು ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸರಳಾ ಎರಡನೇ ಸಲ ಎಳೆದಳು, ಈ ಸಲ ಕೈಗಳ ಮೇಲೆ.

"ಓಡು!" ಎಂದು ಕೂಗಿದಳು. "ಬಾಗಿಲು ತೆಗೆದಿದೆ, ಓಡೇ!"

ನಿಹಾರಿಕಾ ಹೊಸ್ತಿಲವರೆಗೆ ಓಡಿದಳು. ಅಲ್ಲಿ ನಿಂತುಬಿಟ್ಟಳು. ಹೊರಗೆ ಮೂರು ಮೆಟ್ಟಿಲು, ಅದರಾಚೆ ಬಿಸಿಲಿಗೆ ಹೊಳೆಯುವ ರಸ್ತೆ. ಹುಡುಗಿ ತಲೆ ಬಗ್ಗಿಸಿ ತನ್ನ ಕಾಲು ನೋಡಿಕೊಂಡಳು, ಹೊಸ ಶೂ ನೋಡಿದಳು, ಬಗ್ಗಿ ಬಕಲ್‌ಗೆ ಕೈ ಹಾಕಿದಳು. ಬಿಚ್ಚಿ ಹೋಗಬೇಕೆಂದು! ಜನವರಿಯಲ್ಲಿ ಸರಳಾ ತಾನೇ ಅವಳ ತಲೆಗೆ ಹೊಡೆದು ಕೂರಿಸಿದ ಮಾತು ಈಗ ಅವಳನ್ನು ಹೊಸ್ತಿಲಲ್ಲಿ ಹಿಡಿದು ನಿಲ್ಲಿಸಿತ್ತು.

ಸರಳಾ ಮತ್ತೆ ಕೂಗಿದಳು. "ಬಿಚ್ಚಬೇಡ ಕಣೇ! ಹಾಕ್ಕೊಂಡೇ ಓಡು! ರಸ್ತೆಗಿಳಿ! ಹಾಳಾಗಿ ಹೋಗಲಿ ಶೂ, ಓಡೇ ನನ್ನವ್ವ, ರಸ್ತೆ ಮೇಲೆ ಓಡು!"

ಹುಡುಗಿ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಮೂರೂ ಮೆಟ್ಟಿಲನ್ನು ಒಟ್ಟಿಗೆ ಹಾರಿದಳು.

ಅನೂಪ್ ಹಿಂದೆಯೇ ನುಗ್ಗಿದ. ಸರಳಾ ನೆಲಕ್ಕೆ ಬಿದ್ದು ಅವನ ಕಣಕಾಲನ್ನು ಎರಡೂ ತೋಳಿನಿಂದ ತಬ್ಬಿಕೊಂಡಳು. ಅವನು ಮುಗ್ಗರಿಸಿ ಬಾಗಿಲಿನ ಚೌಕಟ್ಟಿಗೆ ಹಣೆ ಹೊಡೆಸಿಕೊಂಡ. "ಛೋಡ್ ಬುಡ್ಢೀ!" ಎಂದು ಇನ್ನೊಂದು ಕಾಲಿನಲ್ಲಿ ಒದ್ದ. ಪಕ್ಕೆಗೆ ಬಿತ್ತು, ಅದೇ ಹಳೇ ಪಕ್ಕೆಗೆ. ಮತ್ತೆ ಒದ್ದ. ಅವಳ ಉಸಿರು ಹೋಗಿ ಬಂತು. ಬಿಡಲಿಲ್ಲ. ಅವನು ಬಗ್ಗಿ ಅವಳ ಜಡೆ ಸುತ್ತಿ ಹಿಡಿದು ತಲೆಯನ್ನು ಹೊಸ್ತಿಲಿಗೆ ಅಪ್ಪಳಿಸಿದ. ಕಣ್ಣು ಕತ್ತಲೆಗಟ್ಟಿತು. ಅವಳು ಬಾಯಿ ತೆರೆದು ಸಿಕ್ಕಿದ ಮಾಂಸಕ್ಕೆ, ಅವನ ಮೀನಖಂಡಕ್ಕೆ, ಪ್ಯಾಂಟಿನ ಸಮೇತ ಹಲ್ಲೂರಿದಳು. ಅನೂಪ್ ಅರಚಿ, ಅವಳ ಎಡಗೈಯನ್ನು ಬೂಟುಗಾಲಲ್ಲಿ ತುಳಿದ. ಎರಡು ಬೆರಳು ಲಟಕ್ಕೆಂದವು. ಆ ಸದ್ದು ಅವಳಿಗೇ ಕೇಳಿಸಿತು.

ಅಷ್ಟಾದರೂ ಬಲತೋಳು ಅವನ ಕಾಲಿನ ಸುತ್ತ ಬಿಗಿದೇ ಇತ್ತು. ಒಂದು ನಿಮಿಷ. ಇನ್ನೊಂದು ನಿಮಿಷ ಸಿಕ್ಕಿದರೆ ಹುಡುಗಿ ಕಾಲೊನಿಯ ಗೇಟು ದಾಟುತ್ತಾಳೆ. ಬೆಂಚಿನಿಂದ ಬಿದ್ದ ಸುತ್ತಿಗೆ ಅವಳ ಪಕ್ಕದಲ್ಲಿತ್ತು, ಶೂ ಕೂರಿಸುವ ಕಬ್ಬಿಣದ ಅಚ್ಚೂ ಇತ್ತು. ಗಡಿಯಾರದಲ್ಲಿ ಮೂರೂ ಹದಿನೈದು. ಮೂರು ಗಂಟೆಗೆ ಬಾ ಎಂದು ಸುಮ್ಮನೆ ಹೇಳಿದ್ದಳೇ ಸರಳಾ? ಬೆರಳು ಮುರಿದ ಕೈಯಲ್ಲೇ ಸುತ್ತಿಗೆಯನ್ನು ಹೇಗೋ ಹಿಡಿದು ಅಚ್ಚಿನ ಮೇಲೆ ಬಡಿದಳು. ಠಣ್! ನೋವಿಗೆ ಕಣ್ಣಲ್ಲಿ ನೀರು ಚಿಮ್ಮಿತು. ಠಣ್! ಠಣ್! ಅವನು ಬೆನ್ನಿಗೆ ಒದೆಯುತ್ತಿದ್ದ, ಅವಳು ಬಡಿಯುತ್ತಿದ್ದಳು. ಬಡಿಯುತ್ತ ಕಿರುಚಿದಳು ಕೂಡ. ಇಪ್ಪತ್ತಾರು ವರ್ಷ ರೇಡಿಯೊ ಸದ್ದಿನ ಅಡಿಯಲ್ಲಿ ನುಂಗಿದ್ದನ್ನೆಲ್ಲ ಕಕ್ಕಿಬಿಡುವ ಹಾಗೆ, ಗಂಟಲು ಹರಿಯುವ ಹಾಗೆ ಕಿರುಚಿದಳು.

ಮೇಲೆ ಬಾಗಿಲು ದಡಾರನೆ ತೆರೆದ ಸದ್ದಾಯಿತು. ಊರುಗೋಲು ಮೆಟ್ಟಿಲಿಳಿಯಿತು.

"ಏನ್ರೀ ಸರಳಮ್ಮ ಇದು! ಮನುಷ್ಯರು ಮಲಗೋ ಹೊತ್ತು ಅನ್ನೋ ಪರಿಜ್ಞಾನ ಬೇಡ್ವೇನ್ರೀ ನಿಮಗೆ? ಎಷ್ಟು ಸಲ ಹೇಳಿದೀನಿ, ಎರಡರಿಂದ ನಾಲ್ಕು…"

ದಕ್ಷಿಣಾಮೂರ್ತಿ ಬನಿಯನ್ನು ಪಂಚೆಯಲ್ಲಿ ಬಾಗಿಲಿಗೆ ಬಂದು ನಿಂತರು. ನೆಲದ ಮೇಲೆ ರಕ್ತ, ಅಂಟು, ಅವುಗಳ ನಡುವೆ ಸರಳಮ್ಮ, ಅವಳ ತಲೆಯ ಮೇಲೆ ಕಾಲೆತ್ತಿ ನಿಂತ ಆರಡಿ ಗಂಡಸು. ಎಪ್ಪತ್ತೆರಡರ ಆ ಮುದುಕರು ಜೀವಮಾನದಲ್ಲಿ ಇರುವೆಗೂ ಹೊಡೆದವರಲ್ಲ. ಅರ್ಧ ನಿದ್ದೆ ಕೆಟ್ಟ ಸಿಟ್ಟು ಅವರ ಕೈಯಲ್ಲಿ ಇನ್ನೂ ಬಿಸಿಯಾಗಿತ್ತು. ಊರುಗೋಲನ್ನು ಎರಡೂ ಕೈಯಲ್ಲಿ ಎತ್ತಿ ಅನೂಪನ ಮಂಡಿಯ ಚಿಪ್ಪಿನ ಮೇಲೆ ಬೀಸಿದರು. ಅವನು ಕುಸಿದ. ಎದ್ದರೆ ಇರಲಿ ಎಂದು ಇನ್ನೊಂದು ಬೀಸಿದರು. ಆಮೇಲೆ "ಗಾರ್ಡ್! ಗಾರ್ಡ್ ಭಯ್ಯಾ! ಜಲ್ದಿ ಆವೋ!" ಎಂದು ಬೊಬ್ಬೆ ಹೊಡೆದರು.

ಗಾರ್ಡ್ ಬಂದ, ಎದುರು ಬ್ಲಾಕಿನವರು ಬಂದರು, ಬಂದವರೆಲ್ಲ ಒಂದೊಂದು ಬಿಟ್ಟರು. ಪೊಲೀಸರು ಬರುವ ಹೊತ್ತಿಗೆ ಅನೂಪನ ಅಂಗಿಗೆ ಒಂದು ಗುಂಡಿಯೂ ಉಳಿದಿರಲಿಲ್ಲ. ಸರಳಾಳ ಬಲತೋಳನ್ನು ಅವನ ಕಾಲಿನಿಂದ ಬಿಡಿಸಲು ಇಬ್ಬರು ಬೇಕಾಯಿತು. "ಆಯ್ತು ಸರಳಮ್ಮ, ಬಿಡಿ, ಹುಡುಗಿ ಹೋದಳು, ಬಿಡಿ," ಎಂದು ದಕ್ಷಿಣಾಮೂರ್ತಿ ಮಗುವಿಗೆ ಹೇಳುವಂತೆ ಹೇಳುತ್ತಿದ್ದರು.

ಸಂಜೆ ಏಳಕ್ಕೆ ಆಸ್ಪತ್ರೆಯ ಮಂಚದ ಮೇಲೆ ಸರಳಾ ಒಂದು ಕಣ್ಣು ಮಾತ್ರ ತೆರೆಯಬಲ್ಲವಳಾಗಿದ್ದಳು. ಎಡಗೈಗೆ ಪ್ಲಾಸ್ಟರ್, ಎದೆಗೆ ಪಟ್ಟಿ, ಹಣೆಗೆ ಒಂಬತ್ತು ಹೊಲಿಗೆ. ದೇವರ ಗೂಡಿನ ಬೀಗದ ಕೈ ದಕ್ಷಿಣಾಮೂರ್ತಿಗೆ ಕೊಟ್ಟು ಕಳಿಸಿದ್ದಳು. ಅವರು ಆ ಡಾಂಬರಿನ ಶೂಗಳನ್ನು ಬರಿಗೈಯಲ್ಲೇ ಎತ್ತಿಕೊಂಡು ಹೋಗಿ ಪೊಲೀಸರ ಮೇಜಿನ ಮೇಲಿಟ್ಟು, "ಬ್ರಷ್ ಮಾಡಕೂಡದಂತೆ, ಹೇಳಿ ಕಳಿಸಿದ್ದಾರೆ" ಎಂದಿದ್ದರು.

ಪರದೆ ಸರಿಸಿಕೊಂಡು ನಿಹಾರಿಕಾ ಬಂದಳು. ಹಿಂದೆ ಒಬ್ಬ ಮಹಿಳಾ ಕಾನ್‌ಸ್ಟೇಬಲ್. ಹುಡುಗಿ ಗೇಟು ದಾಟಿ, ಮಾರ್ಕೆಟ್ಟಿನವರೆಗೆ ಓಡಿ, ಔಷಧದಂಗಡಿಯೊಂದಕ್ಕೆ ನುಗ್ಗಿ, ಕೌಂಟರಿನ ಹಿಂದೆ ಕೂತು, ಅಂಗಡಿಯವನ ಫೋನಿನಿಂದ ಚಿತ್ರದುರ್ಗಕ್ಕೆ ಫೋನ್ ಮಾಡಿದ್ದಳು. ಆಮೇಲೆ ಠಾಣೆಯಲ್ಲಿ ಮೂರು ಗಂಟೆ ಕೂತು ಎಲ್ಲವನ್ನೂ ಹೇಳಿ ಬರೆಸಿದ್ದಳು, ಜನವರಿಯದ್ದೂ ಸೇರಿಸಿ. ಜಾರಿದೆ ಎಂದು ಎಲ್ಲಿಯೂ ಹೇಳಿರಲಿಲ್ಲ. ಅಪ್ಪ ಬೆಳಗಿನ ವಿಮಾನಕ್ಕೆ ಬರುತ್ತಿದ್ದರು.

ಸರಳಾಳ ಮುಖ ನೋಡಿ ಹುಡುಗಿಗೆ ಅಳು ತಡೆಯಲಾಗಲಿಲ್ಲ. ಅಳುತ್ತ ತನ್ನ ಕಾಲು ನೋಡಿಕೊಂಡು, "ತಪ್ಪಾಯ್ತು ಆಂಟಿ," ಎಂದಳು. "ಹೊಸ ಶೂ… ಪೂರ್ತಿ ಹಾಳಾಯ್ತು."

"ಇನ್ನೊಂದು ಸಲ ತಪ್ಪಾಯ್ತು ಅಂದ್ರೆ ಈ ಪ್ಲಾಸ್ಟರ್ ಕೈಲೇ ಬಾರಿಸ್ತೀನಿ," ಎಂದಳು ಸರಳಾ. ಊದಿದ ತುಟಿಯಲ್ಲಿ ಮಾತು ಸರಿಯಾಗಿ ಹೊರಡಲಿಲ್ಲ. ಆಮೇಲೆ ಅವಳಿಗೂ ಅಳು ಬಂತು. "ತಪ್ಪು ನಂದು ಕಣೇ. ಅವತ್ತು ನಾನು ನಿನ್ನ ಕಾಲಡಿ ನೋಡ್ದೆ, ನಿನ್ನ ಮುಖ ನೋಡ್ಲಿಲ್ಲ. ನಂಗೆ ಗೊತ್ತಾಗಬೇಕಿತ್ತು. ಬೇರೆ ಯಾರಿಗೆ ಗೊತ್ತಾಗದಿದ್ರೂ ನಂಗೆ ಗೊತ್ತಾಗಬೇಕಿತ್ತು."

ಹುಡುಗಿ ಅವಳ ಬಲಗೈ ಹಿಡಿದುಕೊಂಡಳು. ಕಾನ್‌ಸ್ಟೇಬಲ್ ಕಿಟಕಿಯ ಕಡೆ ತಿರುಗಿ ನಿಂತಳು.

"ಕಾಲು ಮೇಲಿಡು," ಎಂದಳು ಸರಳಾ.

"ಏನು ಆಂಟಿ?"

"ಮಂಚದ ಮೇಲೆ ಇಡು. ನೋಡಬೇಕು ನಾನು."

ನಿಹಾರಿಕಾ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಎರಡೂ ಕಾಲುಗಳನ್ನು ಬಿಳಿ ಹಾಸಿಗೆಯ ಅಂಚಿಗಿಟ್ಟಳು. ಸರಳಾ ಒಂದು ಕಣ್ಣಿನಲ್ಲಿ ನೋಡಿದಳು. ಅಡಿಯಲ್ಲಿ ಒಂದು ಕೂದಲೂ ಉಳಿದಿರಲಿಲ್ಲ. ಡಾಂಬರು, ಮರಳು, ಒಂದು ಗಾಜಿನ ಚೂರು, ಯಾರೋ ಉಗಿದ ಪಾನ್ ಕಲೆ. ಇನ್ನು ಯಾವ ಬ್ರಷ್‌ಗೂ ಇದು ಏಳುವುದಿಲ್ಲ. ಅವಳು ಬಲಗೈ ಚಾಚಿ ಮೊದಲು ಎಡಗಾಲಿನ ಮೂತಿ ಸವರಿದಳು. ಎಲ್ಲಿಯೂ ಕೆರೆದಿರಲಿಲ್ಲ. ಆಮೇಲೆ ಬಲಗಾಲಿನ ಪಟ್ಟಿಯನ್ನು ಮುಟ್ಟಿದಳು, ಬಕಲನ್ನು ಮುಟ್ಟಿದಳು. ಮಧ್ಯಾಹ್ನ ಅವಳೇ ಬಿಗಿದ ಎರಡನೇ ತೂತಿನಲ್ಲಿ ಅದು ಹಾಗೆಯೇ ಇತ್ತು.